ಮೈತ್ರಿ: ಬ್ರಿಟನ್ ಮತ್ತು ಜಪಾನಿನ ಒಪ್ಪಂದಗಳ ಹಿನ್ನೆಲೆಯಲ್ಲಿ ಒಂದು ಪದ ಪರಿಚಯ

ಬ್ರಿಟನ್ ಮತ್ತು ಜಪಾನಿನ ಸಂಬಂಧದ ಬಗ್ಗೆ ಕನ್ನಡದಲ್ಲಿ ಬರೆಯುವವರು 1858ರ ವಾಣಿಜ್ಯ ಒಪ್ಪಂದವನ್ನೂ 1902ರ ಒಡಂಬಡಿಕೆಯನ್ನೂ 2023ರ ರಕ್ಷಣಾ ಒಪ್ಪಂದವನ್ನೂ ಒಂದೇ ಸಮನೆ ‘ಮೈತ್ರಿ’ ಎಂದು ಕರೆಯುವುದನ್ನು ಬಹಳ ಕಾಲದಿಂದ ನೋಡುತ್ತ ಬಂದಿದ್ದೇನೆ. ಮೊನ್ನೆ ಓದಿದ ಲೇಖನವೊಂದು ಇನ್ನೂ ಮುಂದೆ ಹೋಗಿತ್ತು. ವಿಲಿಯಂ ಆಡಮ್ಸ್ ಎಂಬ ಇಂಗ್ಲಿಷ್ ನಾವಿಕ 1600ರಲ್ಲಿ ಡಚ್ ಹಡಗೊಂದರಲ್ಲಿ ಕ್ಯೂಶೂ ದ್ವೀಪದ ದಡ ಸೇರಿದಂದಿನಿಂದ ಎರಡು ದೇಶಗಳ ನಡುವೆ ‘ನಾಲ್ಕು ಶತಮಾನಗಳ ಮೈತ್ರಿ’ ಇದೆ ಎಂದು ಅದರಲ್ಲಿ ಬರೆದಿತ್ತು. ಆ ನಾಲ್ಕು ಶತಮಾನಗಳಲ್ಲಿ ಎರಡಕ್ಕಿಂತ ಹೆಚ್ಚು ಕಾಲ, ಅಂದರೆ ಈಸ್ಟ್ ಇಂಡಿಯಾ ಕಂಪನಿ 1623ರಲ್ಲಿ ಜಪಾನಿನ ಹಿರಾದೊ ಬಂದರಿನ ತನ್ನ ವ್ಯಾಪಾರ ಕೋಠಿಯನ್ನು ನಷ್ಟದಿಂದ ಮುಚ್ಚಿದ ಮೇಲೆ 1854ರವರೆಗೆ, ಇಬ್ಬರ ನಡುವೆ ವ್ಯವಹಾರವೇ ಇರಲಿಲ್ಲ. 1863ರಲ್ಲಿ ಬ್ರಿಟಿಷ್ ನೌಕಾಪಡೆಯ ತೋಪುಗಳಿಗೆ ಸಿಕ್ಕಿ ಕಾಗೊಶಿಮಾ ನಗರದ ಒಂದು ಭಾಗ ಸುಟ್ಟುಹೋಯಿತು. 1942ರ ಫೆಬ್ರುವರಿ 15ರಂದು ಸಿಂಗಪುರದಲ್ಲಿ ಬ್ರಿಟಿಷ್ ಸೇನೆ ಜಪಾನಿಗೆ ಶರಣಾಯಿತು. ಮೈತ್ರಿ ಎನ್ನಬಹುದಾದದ್ದು ಇದ್ದದ್ದು 1902ರ ಜನವರಿ 30ರಿಂದ 1923ರ ಆಗಸ್ಟ್ 17ರವರೆಗೆ, ಸುಮಾರು ಇಪ್ಪತ್ತೊಂದೂವರೆ ವರ್ಷ ಮಾತ್ರ.

‘ಮಿತ್ರನ ಭಾವವೇ ಮೈತ್ರಿ, ಆದ್ದರಿಂದ ಸ್ನೇಹವಿದ್ದಲ್ಲೆಲ್ಲ ಆ ಪದ ಸಲ್ಲುತ್ತದೆ’ ಎಂಬ ಸಮರ್ಥನೆಯನ್ನು ಹಲವರಿಂದ ಕೇಳಿದ್ದೇನೆ. ವ್ಯಾಕರಣದ ಮಟ್ಟಿಗೆ ಅದು ಸರಿ, ಆದರೆ ಆ ‘ಮಿತ್ರ’ ಯಾರೆಂದು ಕೇಳಿದರೆ ಮಾತು ಬೇರೆಡೆಗೆ ಹೊರಳುತ್ತದೆ. ಋಗ್ವೇದದ ಮಿತ್ರ, ವರುಣನ ಜೊತೆಗೂಡಿ ಕೊಟ್ಟ ಮಾತನ್ನು ಕಾಯುವ ದೇವತೆ. ಅದೇ ಮೂಲದ ‘ಮಿಥ್ರ’ ಎಂಬ ಪದಕ್ಕೆ ಇರಾನಿನ ಅವೆಸ್ತಾ ಭಾಷೆಯಲ್ಲಿ ಕರಾರು ಎಂದೇ ಅರ್ಥವಿದೆ. ಕ್ರಿಸ್ತಪೂರ್ವ ಹದಿನಾಲ್ಕನೆಯ ಶತಮಾನದಲ್ಲಿ ಹಿಟ್ಟೈಟ್ ಮತ್ತು ಮಿತನ್ನಿ ಅರಸರು ಮಾಡಿಕೊಂಡ ಒಪ್ಪಂದದ ಮಣ್ಣಿನ ಹಲಗೆಗಳು ಇಂದಿನ ಟರ್ಕಿಯ ಬೊಗಾಜ್‌ಕೊಯ್‌ನಲ್ಲಿ ಸಿಕ್ಕಿವೆ. ಅದರಲ್ಲಿ ಸಾಕ್ಷಿಗಳಾಗಿ ಹೆಸರಿಸಿದ ದೇವತೆಗಳ ಸಾಲಿನಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರಿದ್ದಾರೆ. ಮಿತ್ರನ ಹೆಸರು ಬರವಣಿಗೆಯಲ್ಲಿ ನಮಗೆ ಕಾಣಸಿಗುವ ಅತ್ಯಂತ ಹಳೆಯ ಜಾಗಗಳಲ್ಲಿ ಒಂದು ಹೀಗೆ ಒಪ್ಪಂದದ ಪತ್ರವೇ ಆಗಿದೆ. ಗೆಳೆಯ ಎಂಬ ಅರ್ಥದ ಹಿಂದೆ ‘ಮಾತಿಗೆ ಕಟ್ಟುಬಿದ್ದವನು’ ಎಂಬ ಅರ್ಥ ನಿಂತಿದೆ. ಅದನ್ನು ಮರೆತು ಮೈತ್ರಿಯನ್ನು ಸೌಹಾರ್ದಕ್ಕೆ ಇನ್ನೊಂದು ಹೆಸರೆಂಬಂತೆ ಬಳಸುವವರು ಆ ಪದದ ಬೆನ್ನೆಲುಬನ್ನೇ ಮುರಿಯುತ್ತಿದ್ದಾರೆ. ಸ್ನೇಹಕ್ಕೆ ನಮ್ಮಲ್ಲಿ ಗೆಳೆತನ, ಕೆಳೆ, ಸೌಹಾರ್ದ ಎಂಬ ಪದಗಳಿಗೇನೂ ಬರವಿಲ್ಲ.

ಈ ಪದ ಜಪಾನನ್ನೂ ತಲುಪಿತು, ಆದರೆ ಬೌದ್ಧ ಧರ್ಮದ ದಾರಿಯಿಂದ. ಮೈತ್ರೇಯ ಬೋಧಿಸತ್ವನು ಅಲ್ಲಿ ‘ಮಿರೊಕು’ ಆದನು. ಕ್ಯೋಟೋ ನಗರದ ಕೋರ್ಯೂಜಿ ಮಂದಿರದಲ್ಲಿ ಕೆನ್ನೆಯ ಬಳಿ ಬೆರಳಿಟ್ಟು ಧ್ಯಾನದಲ್ಲಿ ಕುಳಿತಿರುವ ಮರದ ವಿಗ್ರಹ ಅವನದೇ. ಅಲ್ಲಿ ಮೈತ್ರಿಗೆ ಕರುಣೆಯ ಅರ್ಥ ಉಳಿಯಿತೇ ಹೊರತು ರಾಜಕೀಯದ ಅರ್ಥ ಬರಲಿಲ್ಲ. ಹಾಗಾಗಿ ರಾಜ್ಯಗಳ ನಡುವಣ ಕರಾರುಗಳಿಗೆ ಜಪಾನೀಯರು ಚೀನೀ ಮೂಲದ ಬೇರೆ ಪದಗಳನ್ನು ಬಳಸಿದರು, ಮತ್ತು ನಾವು ಕಲಸಿಬಿಟ್ಟದ್ದನ್ನು ಅವರು ಬೇರೆಬೇರೆಯಾಗಿಯೇ ಇಟ್ಟರು. 1858ರದು ‘ಶೂಕೋ ತ್ಸೂಶೋ ಜೋಯಾಕು’, ಎಂದರೆ ಸೌಹಾರ್ದ ಮತ್ತು ವಾಣಿಜ್ಯದ ಒಪ್ಪಂದ. 1902ರದು ‘ನಿಚಿ-ಎಯ್ ದೋಮೆಯ್’, ಎಂದರೆ ಜಪಾನ್-ಬ್ರಿಟನ್ ಮೈತ್ರಿ. ದೋಮೆಯ್ ಪದದ ‘ಮೆಯ್’ ಎಂಬ ಅಕ್ಷರದ ಕೆಳಭಾಗದಲ್ಲಿ ಒಂದು ಪಾತ್ರೆಯ ಚಿತ್ರವಿದೆ. ಪ್ರಾಚೀನ ಚೀನಾದಲ್ಲಿ ಆಣೆ ಮಾಡುವವರು ಬಲಿಯ ಪ್ರಾಣಿಯ ರಕ್ತವನ್ನು ತುಟಿಗೆ ಸವರಿಕೊಳ್ಳುತ್ತಿದ್ದ ವಿಧಿಯ ನೆನಪು ಅದು. ಸೌಹಾರ್ದಕ್ಕೆ ಆಣೆ ಬೇಕಿಲ್ಲ. ದೋಮೆಯ್ ಆಣೆಯಿಲ್ಲದೆ ಆಗುವುದಿಲ್ಲ.

ಬ್ರಿಟಿಷ್ ರಾಯಭಾರಿ ಲಾರ್ಡ್ ಎಲ್ಗಿನ್ 1858ರ ಆಗಸ್ಟಿನಲ್ಲಿ ಎದೋ (ಇಂದಿನ ಟೋಕಿಯೋ) ನಗರದಲ್ಲಿ ಸಹಿ ಹಾಕಿಸಿಕೊಂಡ ಪತ್ರದ ತಲೆಬರಹದಲ್ಲಿ ಸೌಹಾರ್ದ ಎಂದಿದ್ದರೂ ಒಳಗಿದ್ದದ್ದು ಅಸಮಾನತೆ. ಜಪಾನಿನ ನೆಲದಲ್ಲಿ ಅಪರಾಧ ಮಾಡಿದ ಬ್ರಿಟಿಷ್ ಪ್ರಜೆಯನ್ನು ಬ್ರಿಟಿಷ್ ಕಾನ್ಸಲರ ನ್ಯಾಯಾಲಯವೇ ವಿಚಾರಿಸಬೇಕಿತ್ತು. ಆಮದು ಸುಂಕವನ್ನು ತನ್ನಿಷ್ಟದಂತೆ ನಿರ್ಧರಿಸುವ ಅಧಿಕಾರವೂ ಜಪಾನಿಗೆ ಉಳಿಯಲಿಲ್ಲ. 1886ರಲ್ಲಿ ನಾರ್ಮಂಟನ್ ಎಂಬ ಬ್ರಿಟಿಷ್ ಹಡಗು ಮುಳುಗಿದಾಗ ಕಪ್ತಾನನೂ ಯೂರೋಪಿನ ನಾವಿಕರಲ್ಲಿ ಹೆಚ್ಚಿನವರೂ ದೋಣಿಗಳಲ್ಲಿ ಪಾರಾದರು, 25 ಮಂದಿ ಜಪಾನೀ ಪ್ರಯಾಣಿಕರು ಒಬ್ಬರೂ ಉಳಿಯದೆ ಸತ್ತರು. ಕೋಬೆಯ ಕಾನ್ಸಲರ ವಿಚಾರಣೆಯಲ್ಲಿ ಕಪ್ತಾನನಿಗೆ ದೋಷಮುಕ್ತಿ ಸಿಕ್ಕಿತು. ಜಪಾನಿನಾದ್ಯಂತ ಜನ ಸಿಡಿದೆದ್ದ ಮೇಲೆ ಯೊಕೊಹಾಮಾದಲ್ಲಿ ಮತ್ತೆ ವಿಚಾರಣೆ ನಡೆದು, ಕೊಟ್ಟ ಶಿಕ್ಷೆ ಮೂರು ತಿಂಗಳ ಸೆರೆವಾಸ. ಇಂಥ ಏರ್ಪಾಡನ್ನು ಮೈತ್ರಿ ಎಂದು ಬರೆಯುವಾಗ ಲೇಖನಿ ತಡವರಿಸಬೇಕು. 1894ರಲ್ಲಿ ಲಂಡನ್ನಿನಲ್ಲಿ ಸಹಿಯಾದ ಹೊಸ ಒಪ್ಪಂದ 1899ರಲ್ಲಿ ಜಾರಿಗೆ ಬಂದ ಮೇಲೆ ಆ ನ್ಯಾಯಾಲಯಗಳು ಹೋದವು, ಸುಂಕದ ಪೂರ್ಣ ಸ್ವಾತಂತ್ರ್ಯ ಸಿಗಲು 1911ರವರೆಗೆ ಕಾಯಬೇಕಾಯಿತು.

ಇನ್ನು 1902ರ ಪತ್ರ. ಅದರ ಇಂಗ್ಲಿಷ್ ತಲೆಬರಹದಲ್ಲಿ ಮೈತ್ರಿ ಎಂಬ ಮಾತೇ ಇಲ್ಲ. ಚೀನಾ ಮತ್ತು ಕೊರಿಯಾಗಳಿಗೆ ಸಂಬಂಧಿಸಿದ ಒಪ್ಪಂದ ಎಂದಷ್ಟೇ ಇದೆ. ಮೈತ್ರಿ ಎಂಬ ಪದ ಬರುವುದು ಆರನೆಯ, ಅಂದರೆ ಕೊನೆಯ ವಿಧಿಯಲ್ಲಿ: ಅವಧಿ ಮುಗಿಯುವ ಹೊತ್ತಿಗೆ ಇಬ್ಬರಲ್ಲಿ ಒಬ್ಬರು ಯುದ್ಧದಲ್ಲಿದ್ದರೆ ಶಾಂತಿಯಾಗುವವರೆಗೆ ಮೈತ್ರಿ ತಾನಾಗಿಯೇ ಮುಂದುವರಿಯುತ್ತದೆ ಎಂದು. ಆದರೂ ಇದು ನಿಜವಾದ ಮೈತ್ರಿ, ಏಕೆಂದರೆ ಯಾವಾಗ ಯುದ್ಧಕ್ಕೆ ಇಳಿಯಬೇಕೆಂಬುದನ್ನು ಇದು ಕಟ್ಟುನಿಟ್ಟಾಗಿ ಹೇಳುತ್ತದೆ. ಒಬ್ಬರು ಒಂದೇ ಶತ್ರುವಿನೊಡನೆ ಕಾದಾಡುತ್ತಿದ್ದರೆ ಇನ್ನೊಬ್ಬರು ತಟಸ್ಥರಾಗಿರಬೇಕು. ಮೂರನೆಯ ವಿಧಿಯಂತೆ, ಆ ಶತ್ರುವಿನ ಜೊತೆ ಮತ್ತೊಂದು ರಾಷ್ಟ್ರ ಸೇರಿಕೊಂಡರೆ ನೆರವಿಗೆ ಬಂದು ಕೂಡಿ ಹೋರಾಡಬೇಕು, ಕೂಡಿಯೇ ಶಾಂತಿ ಮಾಡಿಕೊಳ್ಳಬೇಕು. ‘ಪಣಬಂಧಃ ಸಂಧಿಃ’ ಎಂದು ಕೌಟಿಲ್ಯ ಹೇಳಿದ್ದು ಇಂಥ ಷರತ್ತಿನ ಕಟ್ಟನ್ನೇ. 1904-05ರ ಯುದ್ಧದಲ್ಲಿ ಬ್ರಿಟನ್ ಜಪಾನಿನ ಪರವಾಗಿ ರಷ್ಯಾದ ಮೇಲೆ ಯುದ್ಧ ಮಾಡಿತೆಂದು ಬರೆಯುವವರಿದ್ದಾರೆ, ಮಾಡದೆ ಮೈತ್ರಿಗೆ ದ್ರೋಹ ಬಗೆಯಿತೆಂದು ಬರೆಯುವವರೂ ಇದ್ದಾರೆ. ಎರಡೂ ತಪ್ಪು. ರಷ್ಯಾ ಒಂದೇ ಇದ್ದುದರಿಂದ ತಟಸ್ಥವಾಗಿರುವುದೇ ಬ್ರಿಟನ್ನಿನ ಕರ್ತವ್ಯವಾಗಿತ್ತು, ಮತ್ತು ರಷ್ಯಾದ ಮಿತ್ರನಾದ ಫ್ರಾನ್ಸ್ ಮುಂದೆ ಬರದಂತೆ ತಡೆದದ್ದರಲ್ಲಿ ಮೂರನೆಯ ವಿಧಿಯ ಪಾಲು ದೊಡ್ಡದು. ಆ ಯುದ್ಧದ ತ್ಸುಶಿಮಾ ನೌಕಾ ಕಾಳಗದಲ್ಲಿ ಜಪಾನಿನ ನೌಕಾ ಸೇನಾಧಿಪತಿ ತೋಗೋ ಏರಿದ್ದ ‘ಮಿಕಾಸಾ’ ಇಂಗ್ಲೆಂಡಿನ ಬ್ಯಾರೋ ಪಟ್ಟಣದಲ್ಲಿ ಕಟ್ಟಿದ ಹಡಗು ಎಂಬುದು ನಿಜ, ಆದರೆ ಹಡಗು ಮಾರುವುದಕ್ಕೆ ಮೈತ್ರಿ ಬೇಕಿರಲಿಲ್ಲ.

1905ರ ನವೀಕರಣ ನಮಗೂ ತಟ್ಟುವಂಥದ್ದು, ಕನ್ನಡದ ಬರಹಗಳಲ್ಲಿ ಇದರ ಪ್ರಸ್ತಾಪ ಅಷ್ಟಾಗಿ ಕಾಣುವುದಿಲ್ಲವೆಂಬುದು ನನಗೆ ಬೇಸರದ ಸಂಗತಿ. ಆಗ ಒಪ್ಪಂದದ ವ್ಯಾಪ್ತಿಗೆ ಭಾರತವನ್ನೂ ಸೇರಿಸಿದರು: ಭಾರತದ ಗಡಿಯ ಬಳಿ ಬ್ರಿಟನ್ ಕೈಗೊಳ್ಳುವ ರಕ್ಷಣಾ ಕ್ರಮಗಳನ್ನು ಜಪಾನ್ ಮಾನ್ಯ ಮಾಡಿತು, ಕೊರಿಯಾದಲ್ಲಿ ಜಪಾನಿನ ಮೇಲುಗೈಯನ್ನು ಬ್ರಿಟನ್ ಮಾನ್ಯ ಮಾಡಿತು. ಅದೇ ನವೆಂಬರಿನಲ್ಲಿ ಕೊರಿಯಾ ಜಪಾನಿನ ಸಂರಕ್ಷಿತ ರಾಜ್ಯವಾಯಿತು. ರಷ್ಯಾವನ್ನು ಮಣಿಸಿದ ಏಷ್ಯಾದ ದೇಶವೆಂದು ಭಾರತೀಯರು ಹೆಮ್ಮೆಪಟ್ಟುಕೊಂಡ ಆ ವರ್ಷವೇ ಜಪಾನ್ ಭಾರತದ ಮೇಲಣ ಬ್ರಿಟಿಷ್ ಆಳ್ವಿಕೆಗೆ ಒತ್ತಾಸೆಯಾಗಿ ನಿಂತಿತ್ತು. 1915ರಲ್ಲಿ ರಾಸ್ ಬಿಹಾರಿ ಬೋಸ್ ಜಪಾನಿಗೆ ಹೋದಾಗ ಬ್ರಿಟನ್ನಿನ ಒತ್ತಾಯಕ್ಕೆ ಮಣಿದು ಜಪಾನ್ ಸರ್ಕಾರ ಅವರಿಗೆ ಗಡೀಪಾರು ಆಜ್ಞೆ ಹೊರಡಿಸಿತು. ಅವರನ್ನು ಬಚ್ಚಿಟ್ಟು ಕಾಪಾಡಿದ್ದು ಟೋಕಿಯೋದ ನಾಕಾಮುರಾಯಾ ಎಂಬ ಬೇಕರಿಯ ಮಾಲೀಕರ ಕುಟುಂಬ.

ಮೊದಲ ಮಹಾಯುದ್ಧದ ಬಗ್ಗೆ ಒಂದೇ ಮಾತು. ‘ಮಿತ್ರರಾಷ್ಟ್ರಗಳ ವಿರುದ್ಧ ಜಪಾನ್’ ಎಂದು ಬರೆಯುವಾಗ ಯಾವ ಯುದ್ಧವೆಂದು ಹೇಳಲೇಬೇಕು, ಏಕೆಂದರೆ 1914ರಲ್ಲಿ ಜಪಾನ್ ಆ ಮಿತ್ರರಲ್ಲಿ ಒಂದಾಗಿತ್ತು.

1921ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಬ್ರಿಟನ್, ಜಪಾನ್, ಅಮೆರಿಕ, ಫ್ರಾನ್ಸ್ ಸಹಿ ಹಾಕಿದ ಚತುಷ್ಟಯ ಒಪ್ಪಂದ ಈ ಮೈತ್ರಿಯ ಜಾಗಕ್ಕೆ ಬಂತು. ವಿವಾದ ಬಂದಾಗ ಕೂತು ಸಮಾಲೋಚಿಸಬೇಕೆಂದು ಅದು ಹೇಳುತ್ತದೆಯೇ ಹೊರತು ಹೋರಾಡಬೇಕೆಂದು ಎಲ್ಲಿಯೂ ಹೇಳುವುದಿಲ್ಲ. ಅದನ್ನು ‘ನಾಲ್ಕು ರಾಷ್ಟ್ರಗಳ ಮೈತ್ರಿ’ ಎಂದು ಕರೆದರೆ ಮೈತ್ರಿಯನ್ನು ಕೊನೆಗಾಣಿಸಿದ ಪತ್ರಕ್ಕೇ ಮೈತ್ರಿಯ ಹೆಸರಿಟ್ಟಂತಾಗುತ್ತದೆ. 2023ರ ಜನವರಿ 11ರಂದು ಟವರ್ ಆಫ್ ಲಂಡನ್ನಿನಲ್ಲಿ ಅಂದಿನ ಪ್ರಧಾನಿಗಳಾದ ಸುನಕ್ ಮತ್ತು ಕಿಶಿದಾ ಸಹಿ ಹಾಕಿದ್ದು ಪರಸ್ಪರ ಪ್ರವೇಶ ಒಪ್ಪಂದ. ಒಂದು ದೇಶದ ಪಡೆ ಇನ್ನೊಂದು ದೇಶಕ್ಕೆ ತರಬೇತಿಗೆ ಹೋದಾಗ ಯಾವ ಕಾನೂನು, ಯಾವ ಸೌಲಭ್ಯ ಅನ್ವಯಿಸುತ್ತದೆಂಬುದನ್ನು ಅದು ವಿವರಿಸುತ್ತದೆ. ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ಯುದ್ಧಕ್ಕಿಳಿಯಬೇಕೆಂಬ ವಿಧಿ ಅದರಲ್ಲಿಲ್ಲ. ಅಂಥ ವಿಧಿಯಿರುವ ಒಪ್ಪಂದ ಜಪಾನಿಗಿರುವುದು ಅಮೆರಿಕದೊಡನೆ ಮಾತ್ರ. ಅದೇ ಟವರಿನಲ್ಲಿ ಜಪಾನಿನ ಶೋಗನ್ (ಸೇನಾ ಆಡಳಿತಗಾರ) ಹಿದೆತಾದ 1613ರಲ್ಲಿ ದೊರೆ ಜೇಮ್ಸನಿಗೆ ಕಳುಹಿಸಿದ ಯುದ್ಧಕವಚವಿದೆ, ಸಹಿಯ ದಿನ ಪ್ರಧಾನಿಗಳಿಬ್ಬರೂ ಅದನ್ನು ನೋಡಿದರು. ‘ನಾಲ್ಕು ಶತಮಾನಗಳ ಮೈತ್ರಿ’ ಎಂಬ ಮಾತು ಅಲ್ಲಿಂದಲೇ ಹುಟ್ಟಿತೇನೋ. ಕವಚಕ್ಕೆ ಕಾಣಿಕೆ ಎನ್ನಬೇಕು, 2023ರ ಪತ್ರಕ್ಕೆ ರಕ್ಷಣಾ ಸಹಕಾರ ಒಪ್ಪಂದ ಎನ್ನಬೇಕು.