ಡ್ರೈವರ್‌ಗೆ ಬೇಲ್ ಆಯ್ತು, ಗಾಡಿ ಯಾಕೆ ಬಿಡೋದಿಲ್ಲ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ರಾತ್ರಿ ಕಳ್ಳನಾಟಾ (ಕದ್ದು ಸಾಗಿಸುವ ಮರ) ಸಮೇತ ಪಿಕಪ್ ಸಿಕ್ಕಿಬಿದ್ದರೆ ಮಾಲೀಕರು ಓಡುವುದು ಕೋರ್ಟಿಗೆ. ಡ್ರೈವರ್‌ಗೆ ಬೇಲ್ ಸಿಗುತ್ತದೆ, ಗಾಡಿ ಮಾತ್ರ ಅರಣ್ಯ ಇಲಾಖೆಯ ರೇಂಜ್ ಆಫೀಸಿನ ಅಂಗಳದಲ್ಲೇ ಉಳಿಯುತ್ತದೆ. ಬೇಲಿಗೂ ಗಾಡಿಗೂ ಸಂಬಂಧವಿಲ್ಲ ಎಂಬುದು ಗೊತ್ತಾಗುವ ಹೊತ್ತಿಗೆ ಇಲಾಖೆಯ ನೋಟಿಸಿಗೆ ಉತ್ತರ ಕೊಡಬೇಕಾದ ಕಾಲ ಮುಗಿದಿರುತ್ತದೆ.

ಜಪ್ತಿ ಬೇರೆ, ಮುಟ್ಟುಗೋಲು ಬೇರೆ. ಕರ್ನಾಟಕ ಅರಣ್ಯ ಕಾಯ್ದೆ, 1963ರ 62ನೇ ಕಲಮಿನಡಿ ಗಾಡಿ ಹಿಡಿದಿಟ್ಟರೆ ಅದು ಜಪ್ತಿ. ಆಗಲೂ ಗಾಡಿ ನಿಮ್ಮದೇ. 71-ಎ ಅಡಿ ಮುಟ್ಟುಗೋಲು ಆದೇಶವಾಗಿ ಅದು ಅಂತಿಮಗೊಂಡರೆ ಗಾಡಿ ಸರ್ಕಾರದ ಸ್ವತ್ತು. ಆ ಆದೇಶ ಮಾಡುವವರು ನ್ಯಾಯಾಧೀಶರಲ್ಲ, ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿಗಿಂತ ಕೆಳಗಿನ ದರ್ಜೆಯವರಲ್ಲದ ಅಧಿಕೃತ ಅಧಿಕಾರಿ. ಕ್ರಿಮಿನಲ್ ಕೇಸು ಮುಗಿಯುವವರೆಗೆ ಅವರು ಕಾಯಬೇಕಿಲ್ಲ. ಮುಂದೆ ಡ್ರೈವರ್ ಖುಲಾಸೆಯಾದರೂ ಗಾಡಿ ತಾನಾಗಿ ವಾಪಸ್ ಬರುವುದಿಲ್ಲ.

ಬೇರೆ ಅಪರಾಧಗಳಲ್ಲಿ ಜಪ್ತಿಯಾದ ಬೈಕು, ಕಾರುಗಳನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) 497 ಅಥವಾ 503ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ಬಾಂಡ್ ಮೇಲೆ ಬಿಡುತ್ತಾರೆ. ಅದನ್ನು ನೋಡಿ ಇಲ್ಲೂ ಅದೇ ಅರ್ಜಿ ಹಾಕಿ ತಿಂಗಳು ಕಳೆಯುವವರು ಬಹಳ. ಅಧಿಕೃತ ಅಧಿಕಾರಿಯ ಮುಂದಿರುವ ಗಾಡಿಯ ಮಧ್ಯಂತರ ಬಿಡುಗಡೆ ಮ್ಯಾಜಿಸ್ಟ್ರೇಟರ ಕೈಯಲ್ಲಿಲ್ಲ ಎಂದು ನಮ್ಮ ರಾಜ್ಯದ್ದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ಮುಟ್ಟುಗೋಲು ನಡಾವಳಿ ಮುಗಿಯುವ ತನಕ ಇಂಥ ಗಾಡಿಯನ್ನು ಸಾಮಾನ್ಯವಾಗಿ ಬಿಡಬಾರದು, ವಿಶೇಷ ಕಾರಣಕ್ಕೆ ಬಿಟ್ಟರೂ ಕನಿಷ್ಠ ಬ್ಯಾಂಕ್ ಗ್ಯಾರಂಟಿ ಪಡೆಯಬೇಕು ಎಂದು 2000ದಲ್ಲೇ ಹೇಳಿತ್ತು. ಕಂತು ಕಟ್ಟಿಕೊಂಡೇ ಬ್ಯಾಂಕ್ ಗ್ಯಾರಂಟಿಗೂ ಹಣ ಹೊಂದಿಸುವುದು ಒಂದೇ ಗಾಡಿ ನಂಬಿ ಬದುಕುವವರಿಗೆ ನಿಜಕ್ಕೂ ಕಷ್ಟ.

ಹಾಗಾಗಿ ಎಲ್ಲವೂ ನಿಂತಿರುವುದು 71-ಬಿ ಅಡಿ ಬರುವ ಕಾರಣ ಕೇಳುವ ನೋಟಿಸಿಗೆ ಕೊಡುವ ಉತ್ತರದ ಮೇಲೆ. ‘ನನಗೇನೂ ಗೊತ್ತಿಲ್ಲ, ಡ್ರೈವರ್ ಮಾಡಿದ್ದು’ ಎಂದು ಎರಡು ಸಾಲು ಬರೆದುಕೊಟ್ಟರೆ ಗಾಡಿ ಹೋಯಿತೆಂದೇ ತಿಳಿಯಿರಿ. ಕಾನೂನು ಕೇಳುವುದು ಮಾಲೀಕರ ಅರಿವನ್ನಷ್ಟೇ ಅಲ್ಲ. ಮಾಲೀಕರು, ಅವರ ಏಜೆಂಟರು, ಗಾಡಿ ಯಾರ ವಶದಲ್ಲಿತ್ತೋ ಅವರು, ಈ ಎಲ್ಲರಿಗೂ ವಿಷಯ ಗೊತ್ತಿರಲಿಲ್ಲ, ಯಾರ ಕುಮ್ಮಕ್ಕೂ ಇರಲಿಲ್ಲ, ಪ್ರತಿಯೊಬ್ಬರೂ ಬೇಕಾದ ಮುನ್ನೆಚ್ಚರಿಕೆ ವಹಿಸಿದ್ದರು ಎಂದು ತೋರಿಸಬೇಕು. ತೋರಿಸುವ ಹೊಣೆಯೂ ಮಾಲೀಕರದೇ. ಗಾಡಿ ವಶದಲ್ಲಿದ್ದವರೆಂದರೆ ಹೆಚ್ಚಿನ ಪ್ರಕರಣಗಳಲ್ಲಿ ಡ್ರೈವರೇ. ಅವರ ಮೇಲೆ ತಪ್ಪು ಹೊರಿಸಿದಷ್ಟೂ ಮಾಲೀಕರೇ ಸಿಕ್ಕಿಕೊಳ್ಳುತ್ತಾರೆ.

ಮುನ್ನೆಚ್ಚರಿಕೆಗೆ ಕಾಗದದ ಸಾಕ್ಷಿ ಬೇಕು. ಆ ದಿನದ ಬಾಡಿಗೆ ಯಾರದು, ಎಲ್ಲಿಂದ ಎಲ್ಲಿಗೆ ಎಂದು ಬರೆದಿಟ್ಟ ಪುಸ್ತಕ, ಬಾಡಿಗೆ ಹಣ ಬಂದ ದಾಖಲೆ, ಜಿಪಿಎಸ್ ಇದ್ದರೆ ಅದರ ವರದಿ, ಪಾಸಿಲ್ಲದೆ ನಾಟಾ ಹೇರಬಾರದೆಂದು ಡ್ರೈವರ್‌ಗೆ ಬರೆದುಕೊಟ್ಟ ಸೂಚನೆ. ಇವು ಕೇಸಿಗೆ ಮುಂಚಿನವಾಗಿರಬೇಕು. ಆಮೇಲೆ ಸೃಷ್ಟಿಸಿದ ಕಾಗದ ಪಾಟೀಸವಾಲಿನಲ್ಲಿ ನಿಲ್ಲುವುದಿಲ್ಲ, ಹೊಸ ಕೇಸನ್ನೂ ತಂದೀತು.

ಮರ ಸ್ವಂತ ಜಮೀನಿನದಾದರೆ ವಾದವೇ ಬೇರೆ. ಮಾಲು ಸರ್ಕಾರದ್ದಾಗಿದ್ದರೆ ಮಾತ್ರ 71-ಎ ಅನ್ವಯಿಸುತ್ತದೆ. ಆದರೆ 80ನೇ ಕಲಮಿನ ಪ್ರಕಾರ, ಬೇರೆಯದು ರುಜುವಾಗುವ ತನಕ ಅರಣ್ಯ ಉತ್ಪನ್ನ ಸರ್ಕಾರದ್ದೆಂದೇ ಭಾವಿಸಲಾಗುತ್ತದೆ. ಪಹಣಿ, ಕಡಿತಲೆ (ಮರ ಕಡಿಯುವ) ಅನುಮತಿ, ರಹದಾರಿ (ಮರ ಸಾಗಿಸುವ ಪಾಸು) ಮೂರೂ ಹಾಜರುಪಡಿಸಿ. ರಹದಾರಿಯಲ್ಲಿನ ತುಂಡುಗಳ ಸಂಖ್ಯೆ, ಅಳತೆ, ಗಾಡಿ ನಂಬರು, ದಿನಾಂಕ ಮಹಜರಿಗೆ ತಾಳೆಯಾಗಬೇಕು. ಒಂದು ರಹದಾರಿಯಲ್ಲಿ ಎರಡು ಟ್ರಿಪ್ ಹೊಡೆಯಲು ಹೋಗಿ ನ್ಯಾಯವಾದ ಮರವನ್ನೂ ಕಳೆದುಕೊಳ್ಳುವುದುಂಟು. ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಸರ್ಕಾರಿ ಕಾಡಿನ) ಮರಕ್ಕೆ ತೋಟದ ಪಹಣಿ ತೋರಿಸಿ ಪ್ರಯೋಜನವಿಲ್ಲ.

ಮಹಜರಿನ ಪ್ರತಿ ಬೇಗ ಪಡೆಯಿರಿ. ಟೈರು, ಬ್ಯಾಟರಿ, ಸ್ಟೆಪ್ನಿ, ಓಡಿದ ಕಿಲೋಮೀಟರು ಅದರಲ್ಲಿ ನಮೂದಾಗಿಲ್ಲದಿದ್ದರೆ ಫೋಟೊ ಸಮೇತ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಒಂದು ಮಳೆಗಾಲ ಬಯಲಲ್ಲಿ ನಿಂತ ಗಾಡಿಯ ಬಾಡಿ ತುಕ್ಕು ಹಿಡಿಯುತ್ತದೆ, ವೈರಿಂಗ್ ಇಲಿ ಪಾಲಾಗುತ್ತದೆ. ನೋಟಿಸಿಗೆ ಉತ್ತರ ಕೊಟ್ಟ ಮೇಲೂ ವಿಚಾರಣೆಯ ದಿನ ಖುದ್ದು ಹಾಜರಾಗಿ, ಮಹಜರು ಮಾಡಿದ ಅಧಿಕಾರಿಯನ್ನು ಪಾಟೀಸವಾಲು ಮಾಡಲು ಅವಕಾಶ ಕೋರಿ. ಕೊಡದಿದ್ದರೆ ಅದೇ ಮೇಲ್ಮನವಿಗೆ ಒಂದು ಆಧಾರ.

ಆದೇಶ ವಿರುದ್ಧವಾದರೆ ಅದು ತಿಳಿದ ದಿನದಿಂದ 30 ದಿನದೊಳಗೆ 71-ಡಿ ಅಡಿ ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ. ಜೊತೆಗೇ ತಡೆಯಾಜ್ಞೆಯ ಅರ್ಜಿಯನ್ನೂ ಹಾಕಿ. ತಡೆ ಸಿಗುವ ಮುಂಚೆ ಗಾಡಿ ಹರಾಜಾದರೆ, ಮೇಲ್ಮನವಿ ಗೆದ್ದರೂ ನಿಮ್ಮದೇ ಗಾಡಿ ಕೈಗೆ ಬರುವುದು ಕಷ್ಟ.