ಕಾಯಿಲ್ ಬದಲಿಸುವ ಮೊದಲು ಸ್ಟಾಪ್ ವೈರ್ ಕಳಚಿ ನೋಡಿ

ಕೊಡಗಿನಲ್ಲಿ ದೋಣಿಯ ಎಂಜಿನ್‌ಗಳು ವರ್ಷದ ಬಹುಪಾಲು ಕಾಲ ಕೆಲಸವಿಲ್ಲದೆ ನಿಂತಿರುತ್ತವೆ. ಜೂನ್‌ನಲ್ಲಿ ಮಳೆ ಹಿಡಿದು ಕಾವೇರಿ ಕೆಂಪಾದ ಮೇಲೆ ದೋಣಿಯನ್ನು ದಡಕ್ಕೆ ಎಳೆದು, ಎಂಜಿನ್ ಕಳಚಿ, ತೋಟದ ಗೋದಾಮಿನ ಮೂಲೆಯಲ್ಲಿ ಗೋಣಿಚೀಲ ಹೊದಿಸಿ ಇಡುವುದು ವಾಡಿಕೆ. ಸೆಪ್ಟೆಂಬರ್‌ನ ಕೈಲ್ ಮುಹೂರ್ತ ಹಬ್ಬ ಕಳೆದು ಹೊಳೆ ತಿಳಿಯಾದಾಗ ಹೊರಗೆ ತೆಗೆದು ಹಗ್ಗ ಎಳೆದರೆ ಎಂಜಿನ್ ಮಾತಾಡುವುದಿಲ್ಲ. ಆಗ ನನ್ನ ವರ್ಕ್‌ಶಾಪಿಗೆ ಬರುವ ದೂರು ಹೆಚ್ಚುಕಡಿಮೆ ಒಂದೇ: ಪ್ಲಗ್‌ಗೆ ಕರೆಂಟ್ ಬರುತ್ತಿಲ್ಲ, ಕಾಯಿಲ್ ಹೋಗಿರಬೇಕು. ಹೀಗೆ ಬಂದ ಹಳೆಯ ಎಂಜಿನ್‌ಗಳಲ್ಲಿ ಕಿಡಿಗೆ ಬೇಕಾದ ಕರೆಂಟ್ ಹುಟ್ಟಿಸುವ ಕಾಯಿಲ್ ನಿಜವಾಗಿ ಸತ್ತಿದ್ದು ಕಡಿಮೆ. ನಮ್ಮ ತೇವ ಕಾಯಿಲನ್ನು ಕೊಲ್ಲುವುದಕ್ಕಿಂತ ಮೊದಲು ಕರೆಂಟ್ ಹರಿಯುವ ದಾರಿಯನ್ನು ಕೆಡಿಸುತ್ತದೆ. ಹಳೆಯ ಮಾದರಿಗಳ ಬಿಡಿಭಾಗ ಸುಲಭವಾಗಿ ಸಿಗದ ಈ ಕಾಲದಲ್ಲಿ ಆ ದಾರಿಯನ್ನು ಪರೀಕ್ಷಿಸದೆ ಕಾಯಿಲ್ ಬದಲಿಸುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಪಾಯಿಂಟ್, ಅಂದರೆ ಎಂಜಿನ್ ತಿರುಗಿದಂತೆ ಮುಚ್ಚಿ ತೆರೆಯುವ ಪುಟ್ಟ ಸಂಪರ್ಕ ಜೋಡಿ, ಇರುವ ಹಳೆಯ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸುವ) ಎಂಜಿನ್‌ಗೆ ಕಿಡಿ ಹುಟ್ಟಿಸಲು ಬ್ಯಾಟರಿ ಬೇಕಾಗುವುದಿಲ್ಲ, ಆ ಕೆಲಸ ಮ್ಯಾಗ್ನೆಟೊ ಎಂಬ ವ್ಯವಸ್ಥೆಯದು. ಎಂಜಿನ್‌ನ ಮೇಲೆ ತಿರುಗುವ ಫ್ಲೈವೀಲ್ ಚಕ್ರದೊಳಗಿನ ಆಯಸ್ಕಾಂತಗಳು ಕಾಯಿಲ್‌ನ ಮುಂದೆ ಹಾದುಹೋಗುವಾಗ, ಪಾಯಿಂಟ್ ಮುಚ್ಚಿರುವಷ್ಟು ಹೊತ್ತು, ಒಳಗಿನ ದಪ್ಪ ತಂತಿಯ ಸುತ್ತಿನಲ್ಲಿ ಕರೆಂಟ್ ಹರಿಯುತ್ತದೆ. ಅದು ಗರಿಷ್ಠ ಮಟ್ಟ ಮುಟ್ಟಿದ ಕ್ಷಣದಲ್ಲಿ ಪಾಯಿಂಟ್ ತೆರೆದುಕೊಂಡರೆ ಕಾಂತಕ್ಷೇತ್ರ ಒಮ್ಮೆಲೇ ಕುಸಿದು, ಸಣ್ಣ ತಂತಿಯ ಸುತ್ತಿನಲ್ಲಿ ಪ್ಲಗ್‌ನ ಸಂದು ದಾಟುವಷ್ಟು, ಅಂದರೆ ಸಾವಿರಾರು ವೋಲ್ಟ್‌ಗಳ ಒತ್ತಡ ಹುಟ್ಟುತ್ತದೆ. ಪಾಯಿಂಟ್ ತೆರೆಯುವಾಗ ಅಲ್ಲಿಯೇ ಕಿಡಿ ಹಾರಿ ಶಕ್ತಿ ಪೋಲಾಗದಂತೆ ತಡೆಯುವುದು ಕಂಡೆನ್ಸರ್‌ನ ಕೆಲಸ. ಸ್ಟಾಪ್ ಬಟನ್ ಒತ್ತಿದಾಗ ಈ ದಪ್ಪ ತಂತಿಯ ಕರೆಂಟ್ ಸ್ಟಾಪ್ ವೈರ್‌ನ ಮೂಲಕ ನೇರವಾಗಿ ಅರ್ಥ್‌ಗೆ, ಅಂದರೆ ಎಂಜಿನ್‌ನ ಲೋಹದ ಮೈಗೆ, ಸೇರಿಬಿಡುವುದರಿಂದ ಪಾಯಿಂಟ್ ತೆರೆದರೂ ಕಿಡಿ ಹುಟ್ಟುವುದಿಲ್ಲ. ಸ್ಟಾಪ್ ವೈರ್ ಎಲ್ಲಿಯಾದರೂ ತಾನಾಗಿಯೇ ಅರ್ಥ್ ಮುಟ್ಟಿದರೆ ಪರಿಣಾಮ ಅದೇ ಆಗಿರುತ್ತದೆ, ಮತ್ತು ನೋಡುವವರಿಗೆ ಅದು ಕಾಯಿಲ್ ಹೋದಂತೆಯೇ ಕಾಣುತ್ತದೆ.

ಕಿಡಿಯನ್ನು ನೋಡುವುದಕ್ಕೂ ಒಂದು ಕ್ರಮವಿದೆ. ಪ್ಲಗ್ ಬಿಚ್ಚಿ ಸಿಲಿಂಡರ್ ಹೆಡ್‌ಗೆ ತಾಗಿಸಿ ಕಿಡಿ ಕಂಡಿತೆಂದು ಸಮಾಧಾನಪಡಬಾರದು, ಏಕೆಂದರೆ ತೆರೆದ ಗಾಳಿಯಲ್ಲಿ ಹಾರುವ ದುರ್ಬಲ ಕಿಡಿ ಸಿಲಿಂಡರ್‌ನೊಳಗಿನ ಒತ್ತಡದಲ್ಲಿ ಹಾರದೆ ಹೋಗಬಹುದು. ಸಂದು ಹೊಂದಿಸಬಹುದಾದ ಸ್ಪಾರ್ಕ್ ಟೆಸ್ಟರ್‌ನಲ್ಲಿ ಪಾಯಿಂಟ್ ಇರುವ ಎಂಜಿನ್‌ಗೆ ಸುಮಾರು 6 ಮಿಲಿಮೀಟರ್, ಸಿಡಿಐ (ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಪೆಟ್ಟಿಗೆ) ಇರುವ ಎಂಜಿನ್‌ಗೆ ಸುಮಾರು 11 ಮಿಲಿಮೀಟರ್ ಸಂದನ್ನು ಕಿಡಿ ಚಟ್ಟೆಂದು ನೀಲಿಯಾಗಿ ದಾಟಬೇಕು. ಕೆಂಪು ಬಣ್ಣದ ತೆಳ್ಳನೆಯ ಎಳೆ ಕಂಡರೆ ಅದನ್ನು ಕಿಡಿಯೆಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಪೆಟ್ರೋಲ್ ಟ್ಯಾಂಕ್ ದೂರವಿಟ್ಟು, ಪ್ಲಗ್ ರಂಧ್ರಗಳ ಮೇಲೆ ಬಟ್ಟೆ ಮುಚ್ಚಿ ಈ ಪರೀಕ್ಷೆ ಮಾಡಬೇಕು. ಪ್ಲಗ್ ವೈರನ್ನು ಅರ್ಥ್‌ಗೆ ಸೇರಿಸದೆ ಗಾಳಿಯಲ್ಲಿ ಬಿಟ್ಟು ಹಗ್ಗ ಎಳೆದರೆ, ಹೊರದಾರಿ ಸಿಗದ ವಿದ್ಯುತ್ ಒತ್ತಡ ಒಳ್ಳೆಯ ಕಾಯಿಲನ್ನೂ ಒಳಗಿಂದ ಸುಡಬಹುದು.

ಎರಡು ಸಿಲಿಂಡರ್ ಎಂಜಿನ್ ಆಗಿದ್ದರೆ ಈ ಪರೀಕ್ಷೆಯೇ ಅರ್ಧ ಉತ್ತರ ಕೊಡುತ್ತದೆ. ಇಂಥ ಹಳೆಯ ಮಾದರಿಗಳಲ್ಲಿ ಸಾಮಾನ್ಯವಾಗಿ ಪ್ರತಿ ಸಿಲಿಂಡರ್‌ಗೂ ಪ್ರತ್ಯೇಕ ಪಾಯಿಂಟ್, ಕಂಡೆನ್ಸರ್ ಮತ್ತು ಕಾಯಿಲ್ ಇರುತ್ತವೆ. ಎರಡೂ ಕಾಯಿಲ್‌ಗಳು ಒಂದೇ ದಿನ ಸಾಯುವುದು ಬಹಳ ಅಪರೂಪ. ಆದ್ದರಿಂದ ಎರಡೂ ಕಡೆ ಕಿಡಿ ಇಲ್ಲದಿದ್ದರೆ, ಎರಡಕ್ಕೂ ಸೇರಿದ ಸ್ಟಾಪ್ ವೈರ್, ಸ್ವಿಚ್ ಮತ್ತು ಅರ್ಥ್ ಸಂಪರ್ಕವನ್ನು ಮೊದಲು ಅನುಮಾನಿಸಬೇಕು. ಒಂದೇ ಕಡೆ ಇಲ್ಲದಿದ್ದರೆ ಕಾಯಿಲ್‌ಗಳನ್ನು ಅದಲುಬದಲು ಮಾಡಿ, ದೋಷವೂ ಅದರ ಜೊತೆ ಪಕ್ಕದ ಸಿಲಿಂಡರ್‌ಗೆ ಹೋಗುತ್ತದೆಯೇ ಎಂದು ನೋಡಬೇಕು. ದೋಷ ಜೊತೆಗೆ ಹೋದರೆ ಮಾತ್ರ ಕಾಯಿಲ್ ತಪ್ಪಿತಸ್ಥ.

ಕಾವೇರಿ ದಡದ ಒಂದು ತೋಟದ ರೈಟರ್, ಅಂದರೆ ಗುಮಾಸ್ತ, ತಂದಿದ್ದ ಎಂಜಿನ್ ಇಲ್ಲಿ ಹೇಳಲೇಬೇಕಾದದ್ದು. ಎರಡು ಸಿಲಿಂಡರ್‌ನ ಆ ಎಂಜಿನ್ ನಿಧಾನಗತಿಯಲ್ಲಿ ಅಚ್ಚುಕಟ್ಟಾಗಿ ಓಡುತ್ತಿತ್ತು, ಥ್ರಾಟಲ್ ಅರ್ಧಕ್ಕಿಂತ ಹೆಚ್ಚು ತಿರುಗಿಸಿದ ಕೂಡಲೇ ದೀಪ ಆರಿಸಿದಂತೆ ನಿಲ್ಲುತ್ತಿತ್ತು. ಬೇರೊಂದು ಕಡೆ ಎರಡೂ ಕಾಯಿಲ್, ಎರಡೂ ಕಂಡೆನ್ಸರ್ ಬದಲಾಗಿದ್ದವು. ಸ್ಟಾಪ್ ವೈರನ್ನೂ ಸ್ವಿಚ್‌ನ ಬಳಿ ಕಳಚಿ ನೋಡಿದ್ದರಂತೆ, ದೋಷ ಹೋಗಿರಲಿಲ್ಲ. ನಾನು ಫ್ಲೈವೀಲ್ ತೆಗೆದು, ಆ ವೈರನ್ನು ಪಾಯಿಂಟ್‌ಗಳ ಬಳಿ, ಅಂದರೆ ಇನ್ನೊಂದು ತುದಿಯಲ್ಲಿಯೂ ಕಳಚಿ, ಮಲ್ಟಿಮೀಟರ್‌ನ ಒಂದು ಮೊನೆಯನ್ನು ಅದಕ್ಕೂ ಮತ್ತೊಂದನ್ನು ಎಂಜಿನ್‌ನ ಮೈಗೂ ತಾಗಿಸಿ, ಮ್ಯಾಗ್ನೆಟೊ ಪ್ಲೇಟನ್ನು ಕೈಯಿಂದ ನಿಧಾನವಾಗಿ ತಿರುಗಿಸಿದೆ. ಮುಕ್ಕಾಲು ದಾರಿ ತಿರುಗುವ ಮೊದಲೇ ಮೀಟರ್ ಕೂಗಿತು, ಅಂದರೆ ವೈರ್ ಎಂಜಿನ್‌ನ ಮೈ ಮುಟ್ಟಿತ್ತು. ಈ ಎಂಜಿನ್‌ಗಳಲ್ಲಿ ಥ್ರಾಟಲ್ ಏರಿಸಿದಂತೆ ಕಿಡಿ ಬೇಗ ಹಾರಲೆಂದು ಪಾಯಿಂಟ್ ಮತ್ತು ಕಾಯಿಲ್ ಹೊತ್ತ ಪ್ಲೇಟ್ ಪೂರ್ತಿಯಾಗಿ ತಿರುಗುತ್ತದೆ. ಅದರ ಜೊತೆ ಬಾಗಿ ಬಾಗಿ, ಪ್ಲೇಟಿನ ಅಂಚಿಗೆ ಉಜ್ಜಿದ ಜಾಗದಲ್ಲಿ ವೈರ್‌ನ ಹೊದಿಕೆ ಅಕ್ಕಿಕಾಳಿನಷ್ಟು ಸವೆದು, ಒಳಗಿನ ತಾಮ್ರ ಹಸಿರುಗಟ್ಟಿತ್ತು. ಸ್ವಿಚ್‌ನ ಬಳಿ ಕಳಚಿದಾಗ ಸ್ವಿಚ್ ಮಾತ್ರ ಪರೀಕ್ಷೆಯಾಗಿತ್ತು, ಅದಕ್ಕಿಂತ ಹಿಂದಿನ ವೈರ್ ಪರೀಕ್ಷೆಯಾಗಿರಲಿಲ್ಲ. ಸ್ಟಾಪ್ ವೈರನ್ನು ಎರಡೂ ತುದಿಯಲ್ಲಿ ಕಳಚಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಕಳಚಿದ ಸ್ಥಿತಿಯಲ್ಲಿ ಎಂಜಿನ್ ಹೊತ್ತಿಕೊಂಡರೆ ಬಟನ್‌ನಿಂದ ಅದನ್ನು ನಿಲ್ಲಿಸಲಾಗುವುದಿಲ್ಲ ಎಂಬುದನ್ನು ಮರೆಯದೆ, ಚೋಕ್ ಎಳೆದು ನಿಲ್ಲಿಸಲು ಸಿದ್ಧರಾಗಿರಬೇಕು.

ಸ್ಟಾಪ್ ವೈರ್ ಸರಿಯಿದ್ದರೆ ನಂತರದ ಸರದಿ ಪಾಯಿಂಟ್‌ಗಳದ್ದು. ಮಳೆಗಾಲ ಪೂರ್ತಿ ಮುಚ್ಚಿ ಕುಳಿತ ಪಾಯಿಂಟ್‌ಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಕಿಲುಬು ಕಟ್ಟಿರುತ್ತದೆ. ಮ್ಯಾಗ್ನೆಟೊದ ಸಣ್ಣ ವಿದ್ಯುತ್ ಒತ್ತಡಕ್ಕೆ ಅಷ್ಟೇ ಅಡ್ಡಿ ಸಾಕು. ಫ್ಲೈವೀಲ್ ತೆಗೆಯಲು ಪುಲ್ಲರ್ (ಎಳೆದು ಕಳಚುವ ಸಾಧನ) ಬಳಸಲೇಬೇಕು. ಸುತ್ತಿಗೆಯ ಪೆಟ್ಟು ಆಯಸ್ಕಾಂತಗಳನ್ನು ಸೀಳಬಹುದು, ಕ್ರ್ಯಾಂಕ್‌ನ ತಿರುಪಿನ ಎಳೆಯನ್ನೂ ಕೆಡಿಸಬಹುದು. ಪಾಯಿಂಟ್‌ಗಳಲ್ಲಿ ಗುಳಿ ಬಿದ್ದಿದ್ದರೆ ಸಣ್ಣ ಅರದಿಂದ ಸಮ ಮಾಡಿ, ಬರಿಯ ಕಿಲುಬಾದರೆ ಗಟ್ಟಿ ಬಿಳಿ ಕಾಗದದ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ ಪಾಯಿಂಟ್‌ಗಳ ನಡುವೆ ಎಳೆಯಬೇಕು. ಪಟ್ಟಿ ಕಪ್ಪಾಗದೆ ಹೊರಬರುವವರೆಗೆ ಎಳೆದು, ಕೊನೆಗೆ ಒಣ ಪಟ್ಟಿಯನ್ನು ಒಮ್ಮೆ ಎಳೆದರೆ ಕೆಲಸ ಮುಗಿಯಿತು. ಆಮೇಲೆ ಬೆರಳು ತಾಗಿಸಬಾರದು, ಬೆರಳಿನ ಜಿಡ್ಡೂ ಅಡ್ಡಿಯೇ. ಪಾಯಿಂಟ್‌ಗಳ ನಡುವಿನ ಸಂದು ಹಳೆಯ ಜಾನ್ಸನ್ ಮತ್ತು ಎವಿನ್‌ರೂಡ್ ಎಂಜಿನ್‌ಗಳ ಹೆಚ್ಚಿನ ಮಾದರಿಗಳಲ್ಲಿ 0.020 ಇಂಚು, ಅಂದರೆ ಸುಮಾರು 0.5 ಮಿಲಿಮೀಟರ್. ಇತರ ಎಂಜಿನ್‌ಗಳಿಗೆ ಅವುಗಳ ಕೈಪಿಡಿಯ ಅಳತೆಯನ್ನೇ ಇಡಬೇಕು. ಪಾಯಿಂಟನ್ನು ಮೀಟರ್‌ನಿಂದ ಪರೀಕ್ಷಿಸುವವರು ಮೊದಲು ಕಾಯಿಲ್‌ನ ವೈರನ್ನು ಅಲ್ಲಿಂದ ಕಳಚಬೇಕು. ಇಲ್ಲದಿದ್ದರೆ ಪಾಯಿಂಟ್ ತೆರೆದಿದ್ದರೂ ಕಾಯಿಲ್‌ನ ದಪ್ಪ ಸುತ್ತಿನ ಮೂಲಕ ದಾರಿ ಸಿಕ್ಕಿ, ಮುಚ್ಚಿದೆಯೆಂದು ಮೀಟರ್ ತೋರಿಸುತ್ತದೆ. ಶುಚಿ ಮಾಡಿದ ಪಾಯಿಂಟ್ ಕೆಲವೇ ದಿನಗಳಲ್ಲಿ ಮತ್ತೆ ಎಣ್ಣೆಯಾದರೆ ಕ್ರ್ಯಾಂಕ್‌ನ ಮೇಲಿನ ಆಯಿಲ್ ಸೀಲ್ ಸೋರುತ್ತಿದೆಯೆಂದು ತಿಳಿಯಬೇಕು.

ಫ್ಲೈವೀಲ್ ಕೈಯಲ್ಲಿರುವಾಗಲೇ ಅದನ್ನು ಕ್ರ್ಯಾಂಕ್‌ಗೆ ಸರಿಯದಂತೆ ಹಿಡಿಯುವ ಸಣ್ಣ ಲೋಹದ ಕೀಯನ್ನೂ ನೋಡಿಬಿಡಿ. ಅದು ಅರ್ಧ ಕತ್ತರಿಸಿ ಫ್ಲೈವೀಲ್ ಸ್ವಲ್ಪ ಸರಿದಿದ್ದರೆ ಕಿಡಿ ಚೆನ್ನಾಗಿಯೇ ಕಂಡರೂ ತಪ್ಪು ಹೊತ್ತಿನಲ್ಲಿ ಹಾರುತ್ತದೆ, ಎಂಜಿನ್ ಹಗ್ಗವನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ.

ಅರ್ಧ ಗಂಟೆ ಓಡಿ ನಿಂತು, ತಣಿದ ಮೇಲೆ ಮತ್ತೆ ಹೊತ್ತಿಕೊಳ್ಳುವ ಎಂಜಿನ್ ಇದ್ದರೆ ಕಾಯಿಲ್ ಅಥವಾ ಕಂಡೆನ್ಸರ್ ಬಿಸಿಗೆ ಸೋಲುತ್ತಿರಬಹುದು. ಆದರೆ ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ಬಿಗಿಯಾಗಿ ಪೆಟ್ರೋಲ್ ಹರಿಯದಿದ್ದರೂ ಎಂಜಿನ್ ಹೀಗೆಯೇ ವರ್ತಿಸುತ್ತದೆ. ನಿಂತ ಕ್ಷಣದಲ್ಲಿಯೇ, ತಣಿಯಲು ಬಿಡದೆ, ಟೆಸ್ಟರ್ ಹಾಕಿ ಕಿಡಿ ನೋಡಿದರೆ ಎರಡನ್ನೂ ಬೇರ್ಪಡಿಸಬಹುದು. ಸಿಡಿಐ ಇರುವ ಎಂಜಿನ್‌ಗಳಲ್ಲಿ ಪಾಯಿಂಟ್‌ನ ತೊಂದರೆ ಇಲ್ಲ, ಆದರೆ ಸ್ಟಾಪ್ ವೈರ್‌ನ ಪರೀಕ್ಷೆ ಅಲ್ಲಿಯೂ ಮೊದಲನೆಯದೇ. ಅನಂತರ ಕರೆಂಟ್ ಹುಟ್ಟಿಸುವ ಚಾರ್ಜ್ ಕಾಯಿಲ್ ಮತ್ತು ಕಿಡಿಯ ಹೊತ್ತನ್ನು ತಿಳಿಸುವ ಪಲ್ಸರ್ ಕಾಯಿಲ್‌ಗಳ ಓಮ್ ಅಳತೆಯನ್ನು ಕೈಪಿಡಿಯೊಂದಿಗೆ ಹೋಲಿಸಬೇಕು. ಎಲ್ಲವೂ ಸರಿಯಿದ್ದು ಕಿಡಿ ಇಲ್ಲವೆಂದಾಗ ಮಾತ್ರ ದುಬಾರಿ ಸಿಡಿಐ ಪೆಟ್ಟಿಗೆಯ ಕಡೆ ನೋಡಬೇಕು.

2018 ಮತ್ತು 2019ರ ಆಗಸ್ಟ್‌ಗಳಲ್ಲಿ ಪ್ರವಾಹ ಬಂದಾಗ ಈ ಜಿಲ್ಲೆಗೆ ದೋಣಿಯ ಎಂಜಿನ್‌ಗಳು ಬೇಕಾದದ್ದು ಮಳೆಯ ನಡುವೆಯೇ. ಆದ್ದರಿಂದ ಮಳೆಗಾಲಕ್ಕೆ ಎಂಜಿನ್ ಮೂಲೆಗಿಡುವ ಪದ್ಧತಿಯೇ ನನಗೆ ಸರಿಕಾಣುವುದಿಲ್ಲ. ಹದಿನೈದು ದಿನಕ್ಕೊಮ್ಮೆ ನೀರು ತುಂಬಿದ ಡ್ರಮ್ಮಿನಲ್ಲಿ ಹತ್ತು ನಿಮಿಷ ಓಡಿಸಿದರೆ ಪಾಯಿಂಟ್‌ಗೆ ಕಿಲುಬು ಕಟ್ಟುವುದು ತಪ್ಪುತ್ತದೆ. ನೀರಿಲ್ಲದೆ ಓಡಿಸಿದರೆ ಪಂಪಿನ ರಬ್ಬರ್ ಇಂಪೆಲ್ಲರ್ ಸುಟ್ಟುಹೋಗುತ್ತದೆ.

ಆ ತೋಟದ ಎಂಜಿನ್‌ಗೆ ಬೇಕಾದದ್ದು ಒಂದು ಗೇಣು ವೈರ್ ಮತ್ತು ಅದನ್ನು ಅಂಚಿನಿಂದ ದೂರ ಹಿಡಿಯುವ ಒಂದು ಕ್ಲಿಪ್. ತೆಗೆದುಹಾಕಿದ್ದ ಹಳೆಯ ಕಾಯಿಲ್‌ಗಳನ್ನು ರೈಟರ್ ಕಾಗದದಲ್ಲಿ ಸುತ್ತಿ ಜೊತೆಗೇ ತಂದಿದ್ದರು. ಒಂದೊಂದಾಗಿ ಹಾಕಿ ನೋಡಿದೆ. ಎರಡೂ 6 ಮಿಲಿಮೀಟರ್ ಸಂದನ್ನು ನೀಲಿ ಕಿಡಿಯಿಂದ ದಾಟಿದವು. ಎಂಜಿನ್‌ಗೆ ಮೂಲದಲ್ಲಿ ಬಂದಿದ್ದ ಅವನ್ನೇ ಕೂರಿಸಿ, ಹೊಸ ಜೋಡಿಯನ್ನು ಡಬ್ಬಿಯಲ್ಲಿ ಹಾಕಿ, ತೇವ ತಾಗದ ಕಡೆ ಇಡಿ ಎಂದು ಹೇಳಿ ಅವರ ಕೈಗೆ ಕೊಟ್ಟೆ.