ಪ್ರೊಬೇಷನ್ ಸಿಕ್ಕಿತು ಅಂತ ಗುಳೆ ಹೊರಡುವ ಮುಂಚೆ

ತೊಗರಿ ರಾಶಿ ಮುಗಿಯುತ್ತಿದ್ದಂತೆ ನಮ್ಮ ಕಲಬುರಗಿ, ಯಾದಗಿರಿ ಕಡೆಯ ಹಳ್ಳಿಗಳಿಂದ ಜನ ಮುಂಬೈ, ಪುಣೆ, ಬೆಂಗಳೂರಿಗೆ ಗುಳೆ ಹೊರಡುತ್ತಾರೆ. ಪ್ರೊಬೇಷನ್ ಮೇಲೆ, ಅಂದರೆ ಶಿಕ್ಷೆ ಕೊಡದೆ ಒಳ್ಳೆಯ ನಡತೆಯ ಷರತ್ತಿನ ಮೇಲೆ, ಬಿಡುಗಡೆಯಾದವರೂ ಅವರಲ್ಲಿ ಇರುತ್ತಾರೆ. ಬದುವಿನ ಜಗಳದಲ್ಲಿ ಕೈಮಾಡಿದ ಹುಡುಗನನ್ನು ಕೋರ್ಟು ಜೈಲಿಗೆ ಕಳಿಸದೆ, ಮುಚ್ಚಳಿಕೆ ಬರೆಸಿಕೊಂಡು ಬಿಟ್ಟಿರುತ್ತದೆ. ಕೇಸು ಮುಗೀತು ಅಂತ ಮನೆಯವರು ನಿರಾಳವಾಗುತ್ತಾರೆ. ಆಮೇಲೊಂದು ದಿನ ಸಮನ್ಸ್ ಬರುತ್ತದೆ. ‘ವಕೀಲ ಸಾಹೇಬ್ರ, ಮತ್ತ್ಯಾಕ ಕರೀಲಿಕತ್ತಾರ?’ ಅಂತ ತಾಯಿ ಓಡಿ ಬರುತ್ತಾಳೆ.

ಮುಗಿದಿರುವುದು ವಿಚಾರಣೆ ಮಾತ್ರ. ಅಪರಾಧ ಸಾಬೀತಾಗಿದೆ, ಶಿಕ್ಷೆ ಹಾಗೇ ಬಾಕಿ ಇದೆ. 1958ರ ಪ್ರೊಬೇಷನ್ ಕಾಯ್ದೆಯಲ್ಲಿ ಮುಚ್ಚಳಿಕೆಯ ಅವಧಿ ಹೆಚ್ಚೆಂದರೆ 3 ವರ್ಷ. ಎಲ್ಲಿ ವಾಸ ಇರಬೇಕು, ಕುಡಿಯಬಾರದು ಎಂಬಂಥ ಷರತ್ತುಗಳನ್ನೂ ಕೋರ್ಟು ಹಾಕಬಹುದು.

ಹೇಳದೆ ಊರು ಬಿಟ್ಟೋ ಬೇರೆ ರೀತಿಯಲ್ಲೋ ಷರತ್ತು ಮುರಿದರೆ ಅದೇ ಕಾಯ್ದೆಯ 9ನೇ ಕಲಂ ಬರುತ್ತದೆ. ಹುಡುಗನ ಮೇಲೆ ಉಸ್ತುವಾರಿ ಇಡುವ ಪ್ರೊಬೇಷನ್ ಅಧಿಕಾರಿಯ ವರದಿ ಸಾಕು, ಕೋರ್ಟು ಸಮನ್ಸ್ ಕಳಿಸಬಹುದು, ನೇರವಾಗಿ ವಾರಂಟನ್ನೇ ಹೊರಡಿಸಬಹುದು. ಪಹಣಿ ಕೊಟ್ಟು ಜಾಮೀನು ನಿಂತ ಸೋದರಮಾವನಿಗೂ ಸಮನ್ಸ್ ಹೋಗಬಹುದು. ಹುಡುಗನ ಮಾತು ಕೇಳಿದ ಮೇಲೆ ಹಳೆಯ ಅಪರಾಧಕ್ಕೇ ಶಿಕ್ಷೆ ಕೊಡುವ ಅಧಿಕಾರ ಜಡ್ಜ್‌ಗೆ ಇದೆ. ಮೊದಲ ಸಲದ ತಪ್ಪಾದರೆ 50 ರೂಪಾಯಿವರೆಗೆ ದಂಡ ಹಾಕಿ ಮುಚ್ಚಳಿಕೆ ಮುಂದುವರಿಸಲೂಬಹುದು. ಐವತ್ತೇ ರೂಪಾಯಿ ಅಲ್ವಾ ಅಂತ ಯಾರೂ ಸಸಾರ ಮಾಡಬೇಡಿ. ಆ ದಂಡವನ್ನು ಹೇಳಿದ ಗಡುವಿನಲ್ಲಿ ಕಟ್ಟದಿದ್ದರೂ ಶಿಕ್ಷೆಯಾಗಬಹುದು. ಪೊಲೀಸರು ಪುಣೆಯಿಂದ ಹಿಡಿದು ತಂದವನಿಗಿಂತ ತಾನಾಗಿ ಬಂದು ನಿಂತವನ ಪರ ವಾದಿಸುವುದು ನನಗೆ ಎಷ್ಟೋ ಸುಲಭ.

ನನಗೆ ಸಂಕಟವಾಗುವುದು ಯಾಕೆಂದರೆ, ಈ ಹುಡುಗರು ಓಡಿಹೋದವರಲ್ಲ. ಹೊಟ್ಟೆಪಾಡಿಗೆ ಹೋದವರು. ಕಾನೂನಿನಲ್ಲಿ ಅವರಿಗೆ ದಾರಿ ಇದೆ. ಪ್ರೊಬೇಷನ್ ಅಧಿಕಾರಿ ಅರ್ಜಿ ಹಾಕಿದರೆ 8ನೇ ಕಲಂ ಪ್ರಕಾರ ಕೋರ್ಟು ಷರತ್ತು ಬದಲಿಸಬಹುದು. ಅದಕ್ಕೇ ಟಿಕೆಟ್ ಮಾಡಿಸುವ ಮುಂಚೆ ಆ ಅಧಿಕಾರಿಯನ್ನು ಕಾಣಿ. ಎಲ್ಲಿ ಕೆಲಸ, ಮೇಸ್ತ್ರಿ ಯಾರು, ಫೋನ್ ನಂಬರ್ ಏನು, ಎಲ್ಲ ಬರೆದುಕೊಡಿ. ಜಾಮೀನುದಾರರನ್ನೂ ಕೋರ್ಟು ಕೇಳುತ್ತದೆ, ಅವರಿಗೆ ಮೊದಲೇ ತಿಳಿಸಿ.

ಪೆರೋಲ್ ಬೇರೆ. ಅದು ಜೈಲಿನಿಂದ ಸಿಗುವ ತಾತ್ಕಾಲಿಕ ಬಿಡುಗಡೆ. ಹೇಳಿದ ದಿನ ಜೈಲಿಗೆ ಮರಳದಿದ್ದರೆ ಪೊಲೀಸರು ಹುಡುಕಿ ಬರುತ್ತಾರೆ, ಮುಂದಿನ ಪೆರೋಲ್ ಕಷ್ಟವಾಗುತ್ತದೆ. ಮನೆಯಲ್ಲಿ ಕಾಯಿಲೆ ಜಾಸ್ತಿಯಾಗಿದ್ದರೆ ಗಡುವು ಮುಗಿಯುವ ಮೊದಲೇ ದವಾಖಾನೆ ಕಾಗದ ಇಟ್ಟು ವಿಸ್ತರಣೆ ಕೇಳಿ.

ಪ್ರೊಬೇಷನ್ ಅಧಿಕಾರಿಯ ಉಸ್ತುವಾರಿ ಇದ್ದರೆ, ಆ ಆದೇಶದ ಪ್ರತಿಯನ್ನು ಕೋರ್ಟು ನಿಮಗೂ ಜಾಮೀನುದಾರರಿಗೂ ಕೊಡಲೇಬೇಕು. ಸಿಕ್ಕಿಲ್ಲವಾದರೆ ಈ ವಾರವೇ ವಕೀಲರನ್ನು ಕೇಳಿ ತರಿಸಿಕೊಳ್ಳಿ, ಓದಲು ಬರುವವರಿಂದ ಒಂದೊಂದೇ ಷರತ್ತು ಓದಿಸಿ ಕೇಳಿಸಿಕೊಳ್ಳಿ.